ಹುಳ ಎಣಿಸುವ ಕೆಲಸ

ನಮ್ಮವ್ವ ಹಲ್ಲಿನ ಹುಳ ತೆಗೆಯುತ್ತಿದ್ದಳು. ದಂಡಿಗನಹಳ್ಳಿ ಹೋಬಳಿಯ ನಮ್ಮೂರಲ್ಲಿ, ಮನೆ ಮುಂದಿನ ನುಗ್ಗೆಮರದ ಕೆಳಗೆ, ವಾರಕ್ಕೆ ಎರಡು ದಿನ, ಗುರುವಾರ ಮತ್ತು ಭಾನುವಾರ. ಕೆನ್ನೆಗೆ ಟವೆಲು ಒತ್ತಿಕೊಂಡವರು ಬಿಸಿಲೇರುವ ಮುಂಚೆಯೇ ಬಂದು ಜಗಲಿ ಮೇಲೆ ಕೂತಿರುತ್ತಿದ್ದರು. ಯಾರಿಂದಲೂ ದುಡ್ಡು ಮುಟ್ಟುತ್ತಿರಲಿಲ್ಲ. ಎರಡು ಎಲೆ, ಒಂದು ಅಡಿಕೆ ಇಟ್ಟರೆ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು, ಇಡದಿದ್ದರೆ ಕೇಳುತ್ತಿರಲಿಲ್ಲ. ಆ ವಿದ್ಯೆ ಅವಳಿಗೆ ಅವಳ ಅಜ್ಜಿಯಿಂದ ಬಂದದ್ದು.

ವಿದ್ಯೆ ಅಂದರೆ ಇಷ್ಟೇ. ನೆಲಗುಳ್ಳದ ಬೀಜ ಒಣಗಿಸಿ ಹರಳೆಣ್ಣೆಯಲ್ಲಿ ಕಲಸಿಟ್ಟಿರಬೇಕು. ಹೊಲದ ಬದುವಿನಲ್ಲಿ ನೆಲಕ್ಕಂಟಿಕೊಂಡು ಬೆಳೆಯುವ ಮುಳ್ಳುಗಿಡ ಅದು, ಗೋಲಿಯಷ್ಟು ಗಾತ್ರದ ಹಳದಿ ಹಣ್ಣು ಬಿಡುತ್ತದೆ. ಅಗಲವಾದ ಹಿತ್ತಾಳೆ ತಟ್ಟೆಯಲ್ಲಿ ನೀರು, ನೀರಿನ ನಡುವೆ ಒಂದು ಕಲ್ಲು, ಕಲ್ಲಿನ ಮೇಲೆ ಕೆಂಪಗೆ ಕಾಯಿಸಿದ ಮುರುಕು ಗುದ್ದಲಿಯ ಅಲಗು. ಅಲಗಿನ ಮೇಲೆ ಒಂದು ಚಿಟಿಕೆ ಬೀಜ ಹಾಕಿದರೆ ಬುಸ್ಸೆಂದು ಹೊಗೆ ಏಳುತ್ತದೆ. ತಳ ತೂತಾದ ಮಣ್ಣಿನ ಕುಡಿಕೆಯನ್ನು ಅದರ ಮೇಲೆ ಬೋರಲು ಹಾಕಿ, ತೂತಿಗೆ ಪರಂಗಿ ಎಲೆಯ ಪೊಳ್ಳು ದಂಟನ್ನು ಸಿಕ್ಕಿಸಿ, ಅದರ ತುದಿಯನ್ನು ನೋಯುವ ಹಲ್ಲಿಗೆ ಹಿಡಿಯಬೇಕು. ನೋವಿನವರ ತಲೆ ಮೇಲೆ ಕಂಬಳಿ, ಕಂಬಳಿಯ ಮೇಲೆ ಅವ್ವನ ಕೈ. ಕೆಮ್ಮಿ, ಉಗುಳಿ, ಕಣ್ಣೀರು ಸುರಿಸಿ ಅವರು ಸುಸ್ತಾದ ಮೇಲೆ ಕುಡಿಕೆ ಎತ್ತಿದರೆ ತಟ್ಟೆಯ ನೀರಲ್ಲಿ ಸಣ್ಣಗೆ ಬೆಳ್ಳಗೆ, ಬಾಲ ಸುರುಟಿಕೊಂಡ ಹುಳಗಳು ತೇಲುತ್ತಿದ್ದವು. ಹೊಗೆ ತಾಳಲಾರದೆ ಹಲ್ಲು ಬಿಟ್ಟು ದಂಟಿನೊಳಗೆ ಜಾರಿ ಬಂದವು ಎಂದು ಎಲ್ಲರೂ ನಂಬಿದ್ದರು. ಕಣ್ಣಾರೆ ಕಂಡದ್ದನ್ನು ನಂಬದೆ ಏನು ಮಾಡುತ್ತಾರೆ?

ಆ ಹುಳ ಎಣಿಸುವ ಕೆಲಸ ನನ್ನದು. ಅವ್ವನಿಗೆ ಹೊಗೆಯಲ್ಲಿ ಕಣ್ಣು ಮಂಜಾಗುತ್ತಿತ್ತು, ಆರು ವರ್ಷದ ಹುಡುಗಿಯ ಕಣ್ಣು ಚುರುಕಾಗಿತ್ತು. ಎಣಿಕೆಗೆ ಒಂದು ಕಟ್ಟಳೆಯೂ ಇತ್ತು.

"ಹುಳ ಯಾವಾಗ್ಲೂ ಜೋಡೀಲೇ ಇರ್ತವೆ ಕಣವ್ವ. ಒಂಟಿ ಬಂದ್ರೆ ಅದರ ಜತೆದು ಒಳಗೇ ಕುಂತದೆ ಅಂತ ತಿಳ್ಕೊ" ಎನ್ನುತ್ತಿದ್ದಳು.

ಆರೋ ಎಂಟೋ ಬಂದರೆ ನೋವಿನವರು ಎದ್ದು ಹೋಗಬಹುದು. ಏಳು ಬಂದರೆ ಮತ್ತೆ ಅಲಗು ಕಾಯಬೇಕು, ಮತ್ತೆ ಕಂಬಳಿ, ಮತ್ತೆ ಹೊಗೆ. ಹಿಂದಿನ ಸಲದ್ದು ಲೆಕ್ಕಕ್ಕಿಲ್ಲ, ಎಣಿಕೆ ಹೊಸದಾಗಿ ಶುರು. ನಾನು ಏಳು ಬಂದರೆ ಎಂಟು ಎಂದು ಕೂಗುತ್ತಿದ್ದೆ. ಕರುಣೆಯಿಂದಲ್ಲ, ನನಗೆ ಕುಂಟೆಬಿಲ್ಲೆ ಆಡಲು ಹೋಗಬೇಕಿತ್ತು. ಒಂಟಿ ಹುಳ ಹೊತ್ತುಕೊಂಡು ಹೋದವರಲ್ಲಿ ಎಷ್ಟೋ ಜನ ಮುಂದಿನ ವಾರ ಎಲೆ ಅಡಿಕೆ ತಂದು, "ನೋವು ಮಾಯ ಆಗೋಯ್ತು ಕಣಕ್ಕ" ಎಂದು ಹೇಳಿದ್ದನ್ನು ನಾನೇ ಕೇಳಿದ್ದೇನೆ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಬಂದದ್ದು ಹನ್ನೆರಡನೇ ವಯಸ್ಸಿನಲ್ಲಿ. ಒಂದು ಭಾನುವಾರ ಮುದುಕರೊಬ್ಬರು ಕಂಬಳಿ ನೋಡಿ ಹೆದರಿ, ಮೂತ್ರ ಮಾಡಿ ಬರುತ್ತೇನೆಂದು ಎದ್ದು ಹೋದರು. ಅವ್ವ ಅವರನ್ನು ಕರೆಯಲು ಹಿಂದೆ ಹೋದಳು. ಅಲಗು ಆರಿಹೋದೀತೆಂದು ನಾನೇ ಬೀಜ ಹಾಕಿ ಕುಡಿಕೆ ಮುಚ್ಚಿದೆ. ಅವರು ಬೇಗ ಬರಲಿಲ್ಲ. ಬೇಸರಕ್ಕೆ ಕುಡಿಕೆ ಎತ್ತಿ ನೋಡಿದೆ. ನೀರಿನಲ್ಲಿ ಒಂಬತ್ತು ಹುಳ ಇದ್ದವು. ಯಾರ ಬಾಯೂ ಹತ್ತಿರ ಇರಲಿಲ್ಲ. ಒಂದು ಬೀಜ ಇನ್ನೂ ಪೂರ್ತಿ ಸಿಡಿದಿರಲಿಲ್ಲ, ಅದರ ಸಿಪ್ಪೆ ಬಿರಿದು ಹುಳದ ಬಾಲ ಅರ್ಧ ಹೊರಗೆ ಬಂದಿತ್ತು. ಹುಳ ಅಂತ ನಾವು ಎಣಿಸುತ್ತಿದ್ದದ್ದು ಬೀಜದೊಳಗಿನ ಮೊಳಕೆ. ಕಾವಿಗೆ ಬೀಜ ಸಿಡಿದು ಮೊಳಕೆ ನೀರಿಗೆ ಹಾರುತ್ತಿತ್ತು, ಅಷ್ಟೆ.

ನಾನು ಆ ನೀರನ್ನು ನುಗ್ಗೆಮರದ ಬುಡಕ್ಕೆ ಚೆಲ್ಲಿ ಹೊಸ ನೀರು ತುಂಬಿಟ್ಟೆ. ಅವ್ವ ಮುದುಕರನ್ನು ಕರೆತಂದಳು. ಅವತ್ತೂ ಎಣಿಸಿದೆ. ಹತ್ತು ಎಂದೆ.

ಯಾಕೆ ಹೇಳಲಿಲ್ಲ ಎಂದು ಈಗ ಸುಲಭವಾಗಿ ಕೇಳಬಹುದು. ಅಪ್ಪ ಸತ್ತಾಗ ಅವ್ವನಿಗೆ ಮೂವತ್ತು ತುಂಬಿರಲಿಲ್ಲ. ಬೆಳಗ್ಗೆ ಅವಳು ಎದುರಾದರೆ ಊರಿನ ಕೆಲವರು ತಿರುಗಿ ಮನೆಗೆ ಹೋಗಿ, ನೀರು ಕುಡಿದು, ಮತ್ತೆ ಹೊರಡುತ್ತಿದ್ದರು. ಮದುವೆ ಮನೆಯಲ್ಲಿ ಅವಳು ಹಿತ್ತಲಲ್ಲಿ ಪಾತ್ರೆ ತೊಳೆಯುವಷ್ಟಕ್ಕೆ ಬೇಕಾಗಿದ್ದಳು. ಅದೇ ಜನ ಗುರುವಾರ ಕೆನ್ನೆ ಊದಿಸಿಕೊಂಡು ಬಂದು, "ಒಸಿ ನೋಡಕ್ಕ, ಕೈ ಮುಗೀತೀನಿ" ಎಂದು ಅವಳ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಅವರ ತಲೆ ಹಿಡಿದು ಬಗ್ಗಿಸುವಾಗ ಅವ್ವನ ಮುಖ ಹೇಗಿರುತ್ತಿತ್ತೆಂದು ನಾನು ನೋಡಿದ್ದೇನೆ. ಅದನ್ನು ಕಿತ್ತುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಮೋಸ ಅವಳದಲ್ಲ, ಅವಳು ಮನಸಾರೆ ನಂಬಿದ್ದಳು. ಗೊತ್ತಿದ್ದೂ ಎಣಿಸಿದವಳು ನಾನು.

ಆಮೇಲೆ ಓದಿದೆ. ಟೀಚರಾದೆ. ಮದುವೆಯಾಗಿ ಹೊಳೆನರಸೀಪುರ ಸೇರಿದೆ, ಅರಕಲಗೂಡು ತಾಲ್ಲೂಕಿನ ಒಂದು ಸರ್ಕಾರಿ ಶಾಲೆಗೆ ದಿನಾ ಬಸ್ಸಿನಲ್ಲಿ ಓಡಾಡುತ್ತೇನೆ. ವಿಜ್ಞಾನ ಕಲಿಸುವವಳು, ಅದೂ ಒಂದು ತಮಾಷೆ. ಪ್ರತಿ ವರ್ಷ ಹಲ್ಲಿನ ಪಾಠ ಬರುತ್ತದೆ. ಪ್ರತಿ ವರ್ಷ ಬೋರ್ಡಿನ ಮೇಲೆ ದವಡೆ ಹಲ್ಲಿನ ಚಿತ್ರ ಬರೆದು, ಬೇರು ತೋರಿಸಿ, ಹಲ್ಲಿನಲ್ಲಿ ಹುಳ ಇರುವುದಿಲ್ಲ ಮಕ್ಕಳೇ, ಅದು ಹುಳುಕು, ಎನ್ನುತ್ತೇನೆ. ಒಂದು ಸಲ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಇಲ್ಲ ಮಿಸ್, ಇರ್ತವೆ. ನಮ್ಮಮ್ಮ ಚನ್ನರಾಯಪಟ್ಟಣದ ತಾವ ಒಂದಜ್ಜಿ ಹತ್ರ ಓಗಿದ್ರು. ಎಂಟು ಹುಳ ಬಂದ್ವಂತೆ. ನಮ್ಮಮ್ಮಾನೆ ಕಣ್ಣಲ್ಲಿ ನೋಡವ್ರೆ."

ಇಡೀ ತರಗತಿ ನನ್ನ ಮುಖ ನೋಡಿತು. ನಾನು ಡಸ್ಟರ್ ತೆಗೆದುಕೊಂಡು ಹಲ್ಲಿನ ಚಿತ್ರ ಒರೆಸಿ, ಮುಂದಿನ ಪಾಠ ತೆಗೆಯಿರಿ ಎಂದೆ. ನನ್ನಂಥ ವಿಜ್ಞಾನದ ಟೀಚರಿಗೆ ಸರ್ಕಾರ ಸಂಬಳ ಕೊಡುತ್ತದೆ.

ಇಷ್ಟು ಹೇಳದೆ ತಮ್ಮನ ವಿಷಯ ಹೇಳಿದರೆ ಅರ್ಥವಾಗುವುದಿಲ್ಲ, ಅದಕ್ಕೇ ಹೇಳಿದೆ.

ತಮ್ಮ ನನಗಿಂತ ಆರು ವರ್ಷ ಚಿಕ್ಕವನು. ಅವ್ವನ ಜೊತೆ ಊರಲ್ಲೇ ಇದ್ದ. ತೋಟಗಳಿಗೆ ಹೋಗಿ ತೆಂಗಿನಕಾಯಿ ಸುಲಿಯುವ ಕೆಲಸ ಅವನದು. ನೆಟ್ಟಗೆ ನಿಲ್ಲಿಸಿದ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ, ಒಂದು ತಿರುವಿಗೆ ಸಿಪ್ಪೆ ಕಿತ್ತೆಸೆಯುತ್ತಿದ್ದ. ಸೋಡಾ ಬಾಟಲಿಯ ಮುಚ್ಚಳವನ್ನು ಹಲ್ಲಿನಲ್ಲೇ ತೆಗೆದು, ನನ್ನ ಕಡೆ ನೋಡಿ ಹುಬ್ಬು ಕುಣಿಸುತ್ತಿದ್ದ. ನಾನು ಬೈದರೆ, "ಹುಳ ತೆಗೆಯೋಳ ಮಗನ ಹಲ್ಲು ಕಣಕ್ಕ, ವಜ್ರ" ಎನ್ನುತ್ತಿದ್ದ. ಅವನಿಗೆ ಸಿಟ್ಟೆಂಬುದೇ ಇರಲಿಲ್ಲ. ನಮ್ಮ ಮನೆಯ ಸಿಟ್ಟೆಲ್ಲ ನನ್ನ ಪಾಲಿಗೇ ಬಂದಿತ್ತು.

ಹೋದ ವರ್ಷ ಒಂದು ಬುಧವಾರ, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅವನ ಫೋನ್ ಬಂತು.

"ಅಕ್ಕ, ಕೆಳಗಿನ ದವಡೆ ಹಲ್ಲು ಕಿತ್ಕೊಂಡ್ ತಿಂತಾ ಅದೆ. ನಾಕು ದಿನ ಆಯ್ತು. ಅನ್ನ ಅಗಿಯಕ್ಕಾಗ್ತಿಲ್ಲ."

"ಏನ್ ಹಾಕಿದೀಯ?"

"ಲವಂಗ ಇಟ್ಟೆ. ನಶ್ಯ ಇಟ್ಟೆ. ತೂತಿಗೆ ಎಕ್ಕದ ಹಾಲು ಬಿಟ್ಟೆ, ಒಸಡೆಲ್ಲ ಸುಟ್ಟೋಯ್ತು. ಅಂಗಡೀಲಿ ಮಾತ್ರೆ ತಕ್ಕೊಂಡು ಹೊತ್ತಿಗೆ ಎರಡೆರಡು ನುಂಗ್ತಾ ಇವ್ನಿ."

"ಚನ್ನರಾಯಪಟ್ಟಣಕ್ಕೆ ಹೋಗಿ ಹಲ್ಲಿನ ಡಾಕ್ಟ್ರಿಗೆ ತೋರ್ಸು ಕಣೋ. ಬಸ್ಸೇನು ಇಲ್ವಾ?"

ಅವನು ದನಿ ತಗ್ಗಿಸಿ ಹೇಳಿದ: "ನಾನ್ ಓಗಿ ಡಾಕ್ಟ್ರ ಮುಂದೆ ಬಾಯಿ ತೆಕ್ಕೊಂಡು ಕುಂತ್ರೆ ಊರೋರು ಏನಂದಾರಕ್ಕ? ಹುಳ ತೆಗೆಯೋಳ ಮಗನೇ ಪ್ಯಾಟೆಗೆ ಓದ ಅಂತಾರೆ. ಅವ್ವಂಗೆ ಮೊಕ ಇರ್ತದಾ? ನಾಳೆ ಗುರುವಾರ, ಅವ್ವ ಹೊಗೆ ಹಾಕ್ತೀನಿ ಅಂದದೆ. ಸರಿ ಓಯ್ತದೆ ಬುಡು."

ಈಗ ಹೇಳು, ಎಂದು ನನ್ನೊಳಗೆ ಏನೋ ಎದ್ದು ನಿಂತಿತು. ಅದು ಬೀಜ ಕಣೋ, ಹುಳ ಅಲ್ಲ. ಇಷ್ಟೇ ಮಾತು. ಶಾಲೆಯ ಬೆಲ್ ಹೊಡೆಯಿತು. "ಸರಿ, ನೋಡ್ಕೋ. ಕಡಿಮೆ ಆಗ್ದಿದ್ರೆ ಮಾತ್ರ ಹೋಗು" ಎಂದು ಫೋನ್ ಇಟ್ಟೆ. ತರಗತಿಗೆ ಹೋಗಿ ಏನು ಪಾಠ ಮಾಡಿದೆನೋ ನೆನಪಿಲ್ಲ.

ಗುರುವಾರ ಏನಾಯಿತೆಂದು ಅವನ ಹೆಂಡತಿ ಆಮೇಲೆ ಹೇಳಿದಳು. ಎಣಿಸಿದ್ದು ಅವಳು, ಮತ್ತು ಅವಳು ಸುಳ್ಳು ಹೇಳುವವಳಲ್ಲ. ಮೊದಲ ಸಲ ಒಂಬತ್ತು ಬಂದವು. ಒಂಟಿ. ಅವ್ವ ಮತ್ತೆ ಅಲಗು ಕಾಯಿಸಿದಳು. ಎರಡನೇ ಸಲ ಐದು. ಮತ್ತೆ ಒಂಟಿ. ಮೂರನೇ ಸಲ ಏಳು. ತಮ್ಮ ಕಂಬಳಿ ಕಿತ್ತೆಸೆದು ಎದ್ದುಬಿಟ್ಟನಂತೆ. ಬಾಯೊಳಗಿನ ಚರ್ಮ ಸುಲಿದು ಬಂದಿತ್ತು. ಅಷ್ಟು ಸಲ ಒಂಟಿ ಬಂದದ್ದನ್ನು ಅವ್ವ ಆಯುಸ್ಸಿನಲ್ಲೇ ಕಂಡಿರಲಿಲ್ಲವಂತೆ. ಹೇಗೆ ಕಂಡಿರುತ್ತಾಳೆ? ನನ್ನ ಕಾಲದಲ್ಲಿ ಒಂಟಿ ಬಂದದ್ದನ್ನೆಲ್ಲ ನಾನು ಜೋಡಿ ಮಾಡಿ ಕೂಗಿದ್ದೆ. ನಾನು ಊರು ಬಿಟ್ಟ ಮೇಲೆ ಎಣಿಸಿದವರೂ ಹೊಗೆಗೆ ಹೆದರಿದ ನೋವಿನವರ ಕಡೆಯವರೇ, ಅವರೂ ಜೋಡಿ ಎಂದೇ ಕೂಗಿರಬೇಕು.

ಶುಕ್ರವಾರ ನೋವು ನಿಂತಿತು. ಪೂರ್ತಿ ನಿಂತಿತು. ತಮ್ಮ ನನಗೆ ಫೋನ್ ಮಾಡಿ ನಕ್ಕ. "ನೋಡ್ದಾ? ಅವ್ವನ ಕೈಗುಣ" ಎಂದ. ನನಗೆ ಎಷ್ಟು ಹಗುರವಾಯಿತೆಂದರೆ, ಬೀಜವೋ ಹುಳವೋ, ಏನಾದರಾಗಲಿ, ವಾಸಿಯಾಯಿತಲ್ಲ ಎಂದುಕೊಂಡೆ. ಮೂವತ್ತು ವರ್ಷ ಬೇರು, ನರ, ಹುಳುಕು ಎಂದು ಬೋರ್ಡಿನ ಮೇಲೆ ಬರೆದವಳಿಗೆ, ಅಷ್ಟು ಜೋರಿದ್ದ ನೋವು ಒಂದೇ ದಿನಕ್ಕೆ ಯಾಕೆ ನಿಂತಿತು ಎಂದು ಕೇಳಿಕೊಳ್ಳುವ ಬುದ್ಧಿ ಬರಲಿಲ್ಲ.

ಶನಿವಾರ ದವಡೆಯ ಕೆಳಗೆ ಊತ ಬಂತು. ಅವ್ವ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟಳು. ಭಾನುವಾರ ಬೆಳಗ್ಗೆ ಅವನ ಹೆಂಡತಿ ಫೋನ್ ಮಾಡಿ, "ಅತ್ತಿಗೆ, ಇವ್ರು ಎಂಜಲೂ ನುಂಗ್ತಿಲ್ಲ, ನೀವು ಬನ್ನಿ" ಎಂದು ಅತ್ತಾಗ ನಾನು ಸಿಕ್ಕಿದ ಬಸ್ಸು ಹತ್ತಿದೆ.

ಅವನು ಜಗಲಿಯ ಕಂಬಕ್ಕೆ ಕೈ ಕೊಟ್ಟು, ಮುಂದಕ್ಕೆ ಬಾಗಿ ಕೂತಿದ್ದ. ಬಾಯಿಂದ ಜೊಲ್ಲು ಇಳಿಯುತ್ತಿತ್ತು. ದವಡೆ ಎಲ್ಲಿ ಮುಗಿದು ಕತ್ತು ಎಲ್ಲಿ ಶುರುವಾಗುತ್ತದೆಂದು ತಿಳಿಯುತ್ತಿರಲಿಲ್ಲ. ಮುಟ್ಟಿ ನೋಡಿದೆ, ಹಲಗೆಯಷ್ಟು ಗಟ್ಟಿ. ನಾಲಗೆ ಮೇಲಕ್ಕೆ ಎದ್ದುಬಿಟ್ಟಿತ್ತು. ಬಿಸಿ ಅನ್ನ ಬಾಯಲ್ಲಿಟ್ಟುಕೊಂಡವರ ಹಾಗೆ, "ಅಕ್ಕ" ಎಂದ. ನಾನು ಹೆದರಿದೆ. ಆ ಹೆದರಿಕೆ ಈಗಲೂ ಹೋಗಿಲ್ಲ.

ನುಗ್ಗೆಮರದ ಕೆಳಗೆ ಅವ್ವ ಅಲಗು ಕಾಯಿಸುತ್ತಿದ್ದಳು.

"ಒಂದು ಉಳ್ಕಂಡದೆ ಮಗ. ಅದೇ ಕೆಳಕ್ಕಿಳ್ದು ಕಾಟ ಕೊಡ್ತಾ ಅದೆ. ಇನ್ನೊಂದ್ ಸಲ ಹಾಕ್ಬುಟ್ರೆ..."

"ಸಾಕು ಸುಮ್ನಿರವ್ವ!" ಎಂದು ಕಿರುಚಿ ತಟ್ಟೆಯನ್ನು ಕಾಲಿನಲ್ಲಿ ಒದ್ದೆ. ಅವ್ವ ನನ್ನನ್ನು ಹುಚ್ಚಿ ಎನ್ನುವ ಹಾಗೆ ನೋಡಿದಳು. ಪಕ್ಕದ ಮನೆಯವರ ಕಾರಿನಲ್ಲಿ ಚನ್ನರಾಯಪಟ್ಟಣಕ್ಕೆ ಹೋದೆವು. ಅಲ್ಲಿನ ಹಲ್ಲಿನ ಡಾಕ್ಟರಮ್ಮ ಬಾಗಿಲಲ್ಲೇ ಅವನ ಕತ್ತು ನೋಡಿ, ಒಳಗೂ ಕರೆಯದೆ, ಆಂಬುಲೆನ್ಸಿಗೆ ಹೇಳಿ ಹಾಸನಕ್ಕೆ ಕಳಿಸಿದರು. ದಾರಿಯುದ್ದಕ್ಕೂ ಅವನನ್ನು ಮಲಗಿಸಲು ಆಗಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತಿತ್ತು. ನನ್ನ ಭುಜ ಹಿಡಿದುಕೊಂಡೇ ಕೂತಿದ್ದ. ಆ ಹಿಡಿತದಲ್ಲಿ ಕಾಯಿ ಸುಲಿಯುವವನ ಬಲ ಇನ್ನೂ ಇತ್ತು.

ಹಾಸನದ ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರು. ಎಷ್ಟು ದಿನದಿಂದ, ಏನೇನು ಹಾಕಿದಿರಿ ಎಂದು ಕೇಳಿದರು. ಲವಂಗ, ನಶ್ಯ, ಎಕ್ಕದ ಹಾಲು, ಮಾತ್ರೆ, ಉಪ್ಪಿನ ಶಾಖ, ಎಲ್ಲ ಒಪ್ಪಿಸಿದೆ. ಅವರು ಬಾಯಿಗೆ ಟಾರ್ಚ್ ಬಿಟ್ಟು ನೋಡಿದರು.

"ಒಳಗೆಲ್ಲ ಸುಟ್ಟಿದೆಯಲ್ಲಮ್ಮ. ಇದೇನಿದು?"

ಅವ್ವ ನನ್ನ ಪಕ್ಕದಲ್ಲೇ ನಿಂತಿದ್ದಳು.

"ಬಿಸಿ ಕಾಫಿ ಸಾರ್" ಎಂದೆ.

ಅವರಿಗೆ ನಂಬಿಕೆ ಬರಲಿಲ್ಲ, ವಾದ ಮಾಡಲು ಹೊತ್ತೂ ಇರಲಿಲ್ಲ. ಹಲ್ಲಿನ ಬೇರಿನ ಕೀವು ನಾಲಗೆಯ ಕೆಳಗೆ ಇಳಿದು ಕತ್ತಿಗೆಲ್ಲ ಹರಡಿದೆ, ಉಸಿರಿನ ದಾರಿ ಮುಚ್ಚುತ್ತಿದೆ ಎಂದರು. ಸಕ್ಕರೆ ಕಾಯಿಲೆ ಇದೆ, ಗೊತ್ತಿರಲಿಲ್ಲವೇ ಎಂದರು. ಯಾರಿಗೂ ಗೊತ್ತಿರಲಿಲ್ಲ. ಶುಕ್ರವಾರ ನೋವು ಪೂರ್ತಿ ಹೋಗಿತ್ತಲ್ಲ ಸಾರ್ ಎಂದು ಕೇಳಿದೆ. "ಹಲ್ಲಿನ ನರ ಸತ್ತಿತ್ತು, ಅದಕ್ಕೇ ನೋವು ಹೋಯ್ತು. ಕೀವು ಎಲ್ಲಿ ಹೋಗತ್ತಮ್ಮ? ನೋವಿದ್ದಾಗಲೇ ಬಂದಿದ್ರೆ ಹಲ್ಲು ಕಿತ್ತು, ಕೀವು ತೆಗೆದು ಮನೆಗೆ ಕಳಿಸ್ತಿದ್ವಿ" ಎಂದರು. ಕತ್ತಿನಲ್ಲಿ ತೂತು ಮಾಡಿ ಉಸಿರಿಗೆ ಕೊಳವೆ ಇಟ್ಟರು. ದವಡೆಯ ಕೆಳಗೆ ಕೊಯ್ದು ಕೀವು ತೆಗೆದರು.

ಎರಡನೇ ದಿನ ಅವನಿಗೆ ಎಚ್ಚರವಾಯಿತು. ಒಬ್ಬರನ್ನೇ ಒಳಗೆ ಬಿಡುತ್ತಿದ್ದರು, ನಾನು ಹೋದೆ. ಕೊಳವೆ ಇದ್ದದ್ದರಿಂದ ಮಾತಿಲ್ಲ. ಬರೆಯುವ ಹಾಗೆ ಬೆರಳಾಡಿಸಿದ. ಬ್ಯಾಗಿನಲ್ಲಿ ಶಾಲೆಯ ನೋಟ್‌ಬುಕ್ ಇತ್ತು, ಪೆನ್ನು ಕೊಟ್ಟು ಹಿಡಿದೆ. ಅಕ್ಷರ ಸೊಟ್ಟಗೆ, ಒಂದರ ಮೇಲೊಂದು ಬಿದ್ದಿತ್ತು.

"ಇನ್ನೊಂದು ಹುಳ ಒಳಗದೆ. ಡಾಕ್ಟ್ರಿಗೆ ಹೇಳು."

ನಾನು ಓದಿ ತಲೆಯಾಡಿಸಿದೆ. ಹೇಳುತ್ತೇನೆ ಎನ್ನುವ ಹಾಗೆ. ಅವನು ಸಮಾಧಾನವಾಗಿ ಕಣ್ಣು ಮುಚ್ಚಿದ. ಅಷ್ಟರಲ್ಲಿ ಕೀವು ಎದೆಗೂಡಿಗೆ ಇಳಿದಿತ್ತು ಎಂದು ಆಮೇಲೆ ಹೇಳಿದರು. ನಾಲ್ಕನೇ ದಿನ, ಮಧ್ಯಾಹ್ನ, ಅವನ ಹೆಂಡತಿ ಕ್ಯಾಂಟೀನಿಗೆ ಹೋಗಿದ್ದಾಗ ಹೋಗಿಬಿಟ್ಟ. ನಲವತ್ತೈದು ವರ್ಷ. ಒಂದು ಹಲ್ಲಿಗೆ.

ಊರಲ್ಲಿ ಯಾರೂ ಅವ್ವನನ್ನು ದೂರಲಿಲ್ಲ. ದೂರಿದ್ದರೆ ಚೆನ್ನಾಗಿತ್ತೇನೋ. "ಆಸ್ಪತ್ರೇಲಿ ಕತ್ತು ಕುಯ್ದುಬುಟ್ರಂತೆ, ಇನ್ನೆಲ್ಲಿ ಉಳೀತಾನೆ" ಎಂದು ಆಡಿಕೊಂಡರು. ಅವ್ವ ಮೂಲೆಯಲ್ಲಿ ಕೂತು ಒಂದೇ ಮಾತು ಹೇಳುತ್ತಿದ್ದಳು.

"ಒಂದು ಉಳ್ಕಂಡ್ಬುಡ್ತು. ನನ್ ಕೈಲಿ ತೆಗೆಯಕ್ಕಾಗ್ಲಿಲ್ಲ. ಊರೋರ ಬಾಯಿಂದೆಲ್ಲ ತೆಗೆದೆ, ನನ್ ಮಗನ ಬಾಯಲ್ಲಿ ಬುಟ್ಬುಟ್ಟೆ."

ನಾನು ಅವಳ ಬೆನ್ನು ಸವರುತ್ತಿದ್ದೆ. ಅವಳಿಗೆ ಏನು ಹೇಳಲಿ? ನಿಜ ಹೇಳಿದರೆ ನೀನೇ ಅವನನ್ನು ಕೂರಿಸಿ ಸುಟ್ಟೆ, ಆಸ್ಪತ್ರೆಗೆ ಹೋಗಬೇಕಿದ್ದ ನಾಲ್ಕು ದಿನವನ್ನು ನೀನೇ ಕಳೆದೆ ಎಂದು ಹೇಳಿದ ಹಾಗೆ. ಮಗನನ್ನು ಕಳೆದುಕೊಂಡ ಮುದುಕಿಗೆ ಅದನ್ನು ಯಾವ ಬಾಯಲ್ಲಿ ಹೇಳುವುದು? ಹೀಗೆಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಅದರಲ್ಲಿ ಅರ್ಧ ಕರುಣೆ, ಇನ್ನರ್ಧ ನನ್ನ ತಪ್ಪು ಮುಚ್ಚಿಕೊಳ್ಳುವ ಹೇಡಿತನ. ಅವತ್ತೇ ಗೊತ್ತಿತ್ತು.

ತಿಥಿ ಕಳೆದು ತಿಂಗಳಾಗುವಷ್ಟರಲ್ಲಿ ಜನ ಮತ್ತೆ ಬರತೊಡಗಿದರು. ಅವ್ವ ಮತ್ತೆ ಕೂತಳು. ಈಗ ಮೊದಲಿಗಿಂತ ಬಿಗಿ. ತಾನೇ ಕನ್ನಡಕ ಹಾಕಿಕೊಂಡು ಎಣಿಸುತ್ತಾಳೆ, ಜೋಡಿ ಬರುವ ತನಕ ಯಾರನ್ನೂ ಬಿಡುವುದಿಲ್ಲ, ನಾಲ್ಕು ಸಲವಾದರೂ ಸರಿ, ಐದು ಸಲವಾದರೂ ಸರಿ, ಎಂದು ತಮ್ಮನ ಹೆಂಡತಿ ಫೋನಿನಲ್ಲಿ ಹೇಳಿದಳು. ಆಗಲೂ ನಾನು ಸುಮ್ಮನಿದ್ದೆ. ಒಟ್ಟು ಮೂರು ತಿಂಗಳು.

ಆಮೇಲೊಂದು ಭಾನುವಾರ ಬೆಳಗ್ಗೆ ಊರಿಗೆ ಹೋಗಿದ್ದೆ. ನುಗ್ಗೇಹಳ್ಳಿ ಕಡೆಯಿಂದ ಒಬ್ಬ ಹೆಂಗಸು ತನ್ನ ಸೊಸೆಯನ್ನು ಆಟೋದಲ್ಲಿ ಕರೆತಂದಿದ್ದಳು. ಹುಡುಗಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ತುಂಬು ಬಸುರಿ. ಎಡಗೆನ್ನೆ ಊದಿ ಕಣ್ಣು ಅರ್ಧ ಮುಚ್ಚಿತ್ತು. "ಬಸುರೀಗೆ ಇಂಗ್ಲಿಷ್ ಔಸ್ದಿ ಆಗಕಿಲ್ಲ ಅಂತ ಇಲ್ಲಿಗೇ ಕರ್ಕಂಬಂದೆ ಕಣಕ್ಕ" ಎಂದಳು ಅತ್ತೆ. ಅವ್ವ ಅಲಗನ್ನು ಒಲೆಗೆ ಇಟ್ಟಳು. ಹುಡುಗಿ ಮುಂದಕ್ಕೆ ಬಾಗಿ ಕೂತಿದ್ದಳು, ಕಂಬಕ್ಕೆ ಕೈ ಕೊಟ್ಟು.

ಅದೇ ಕಂಬ.

"ಅವ್ವ, ಇವತ್ತು ನಾನ್ ಹಾಕ್ತೀನಿ ಹೊಗೆ" ಎಂದೆ.

ಅವ್ವನಿಗೆ ಆಶ್ಚರ್ಯವಾಯಿತು, ಸಂತೋಷವೂ ಆಯಿತು. ವಿದ್ಯೆ ಮಗಳ ಕೈಗೆ ಬಂತೆಂದುಕೊಂಡಳು. ತಟ್ಟೆಗೆ ನೀರು ತುಂಬಿ, ಕಲ್ಲಿಟ್ಟು, ಕಲ್ಲಿನ ಮೇಲೆ ಅಲಗಿಟ್ಟೆ. ಬೀಜ ಹಾಕಿ ಕುಡಿಕೆ ಬೋರಲು ಮುಚ್ಚಿದೆ. ಹುಡುಗಿ ಏಳಲು ಹೊರಟಳು. "ನೀನು ಅಲ್ಲೇ ಕೂತಿರಮ್ಮ" ಎಂದೆ. ದಂಟನ್ನು ಯಾರ ಬಾಯಿಗೂ ಹಿಡಿಯಲಿಲ್ಲ. ಹೊಗೆ ಸುಮ್ಮನೆ ನುಗ್ಗೆಮರದ ಕಡೆ ಹೋಗುತ್ತಿತ್ತು.

"ಲೇ, ಏನ್ ಮಾಡ್ತಿದ್ದೀಯೆ? ಹೊಗೆ ದಂಡ ಆಯ್ತದೆ" ಎಂದಳು ಅವ್ವ.

ಹೊಗೆ ನಿಲ್ಲುವ ತನಕ ಕಾದು ಕುಡಿಕೆ ಎತ್ತಿದೆ.

"ಎಣಿಸವ್ವ."

ಅವ್ವ ಕನ್ನಡಕ ಹಾಕಿಕೊಂಡು ಬಗ್ಗಿದಳು. ಬಗ್ಗಿದವಳು ಹಾಗೇ ಇದ್ದಳು. ನೀರಿನಲ್ಲಿ ಹುಳ ತೇಲುತ್ತಿದ್ದವು, ಬೆಳ್ಳಗೆ, ಬಾಲ ಸುರುಟಿಕೊಂಡು. ಅಲಗಿನ ಅಂಚಿನಲ್ಲಿ ಸಿಡಿಯದೆ ಉಳಿದಿದ್ದ ಒಂದು ಬೀಜವನ್ನು ತೆಗೆದು ಅವಳ ಅಂಗೈಯಲ್ಲಿಟ್ಟು ಉಗುರಿನಿಂದ ಒತ್ತಿದೆ. ಹುಳ ಹೊರಗೆ ಬಂತು.

"ಅಯ್ಯೋ, ಯಾರ ಬಾಯೂ ಇಕ್ಕದೇನೇ ಬಂದ್ವಲ್ಲ!" ಎಂದಳು ಹುಡುಗಿಯ ಅತ್ತೆ.

ಅವ್ವ ತನ್ನ ಅಂಗೈಯನ್ನೇ ನೋಡುತ್ತಿದ್ದಳು. ಆಮೇಲೆ ತಲೆ ಎತ್ತಿದಳು. ಬೈಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ಏನೇನೋ ಎಣಿಸಿಕೊಂಡಿದ್ದೆ. ಅವಳು ಕೇಳಿದ್ದು ಒಂದೇ.

"ಯಾವಾಗ್ಲಿಂದ ಗೊತ್ತಿತ್ತು ನಿಂಗೆ?"

ಇನ್ನೊಂದು ಸುಳ್ಳು ಹೇಳಬಹುದಿತ್ತು. ಮೊನ್ನೆ ಮೊನ್ನೆ ಪುಸ್ತಕದಲ್ಲಿ ಓದಿದೆ ಎಂದಿದ್ದರೆ ನಂಬುತ್ತಿದ್ದಳು.

"ಹನ್ನೆರಡು ವರ್ಷದವಳಿದ್ದಾಗಿಂದ" ಎಂದೆ.

ಅವ್ವ ತಟ್ಟೆ ಎತ್ತಿ ನೀರನ್ನು ಮರದ ಬುಡಕ್ಕೆ ಚೆಲ್ಲಿದಳು. "ಆ ಉಡುಗೀನ ಕರ್ಕಂಡು ಓಗು. ಹೊತ್ತಾಯ್ತದೆ" ಎಂದು ಒಳಗೆ ಹೋದಳು.

ಅದೇ ಆಟೋದಲ್ಲಿ ಚನ್ನರಾಯಪಟ್ಟಣಕ್ಕೆ ಹೋದೆವು. ಭಾನುವಾರವಾದರೂ ಮೊದಲಿನ ಡಾಕ್ಟರಮ್ಮ ಸಿಕ್ಕಿದರು. ಬಸುರಿಯರಿಗೂ ಆಗಿಬರುವ ಔಷಧಿ ಇದೆ, ನೋವು ತಡೆದುಕೊಂಡು ಕೂತರೇ ಅಪಾಯ ಎಂದು ಅತ್ತೆಗೆ ಗದರಿಸಿ, ಕೀವು ತೆಗೆದು, ಹಲ್ಲು ಕಿತ್ತರು. ಕಿತ್ತ ಹಲ್ಲನ್ನು ಹುಡುಗಿ ತಿರುಗಿಸಿ ತಿರುಗಿಸಿ ನೋಡಿದಳು. "ಇದ್ರಲ್ಲಿ ಏನೂ ಇಲ್ವಲ್ಲ" ಎಂದಳು. ಹೋದ ತಿಂಗಳು ಅವಳಿಗೆ ಹೆಣ್ಣುಮಗುವಾಯಿತೆಂದು ಸುದ್ದಿ ಬಂತು.

ಸಂಜೆ ಐದರ ಹೊತ್ತಿಗೆ ಊರಿಗೆ ವಾಪಸ್ ಬಂದೆ. ಅವ್ವ ಜಗಲಿಯ ಮೇಲೆ ಕೂತಿದ್ದಳು. ತಟ್ಟೆ, ಕುಡಿಕೆ, ಅಲಗು ಯಾವುದೂ ಕಾಣಲಿಲ್ಲ, ಎಲ್ಲಿ ಹಾಕಿದಳೋ ನಾನು ಕೇಳಲಿಲ್ಲ. ಪಕ್ಕದಲ್ಲಿ ಕೂತೆ. ನಿನಗೆ ಮರ್ಯಾದೆ ಹೋಗುತ್ತದೆಂದು ಹೇಳಲಿಲ್ಲ ಅವ್ವ, ಆ ಜನ ನಿನ್ನ ಮುಂದೆ ಬಗ್ಗಿ ಕೂರುವುದು ನನಗೆ ಖುಷಿಯಾಗುತ್ತಿತ್ತು, ಅದಕ್ಕೇ, ಎಂದೆಲ್ಲ ಹೇಳಿ ಅತ್ತುಬಿಟ್ಟೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ಅವತ್ತೇ ಯೋಳಿದ್ರೆ ಎರಡು ಬಾರಿಸ್ತಿದ್ದೆ, ಅಷ್ಟೇಯ" ಎಂದಳು. "ಬಾರ್ಸಿ, ಈ ಹೊಗೆ ಹಾಕೋದ್ನ ಬುಟ್ಬುಡ್ತಿದ್ದೆ ಕಣವ್ವ."

ಆಮೇಲೆ ಎದ್ದು ದೀಪ ಹಚ್ಚಲು ಒಳಗೆ ಹೋದಳು.